ಜಯಲಕ್ಷ್ಮಮ್ಮ ಇಳಿದದ್ದು

ಕಾಟಾ ಹತ್ತುವ ಮುಂಚೆ ಜಯಲಕ್ಷ್ಮಮ್ಮ ಚಪ್ಪಲಿ ಬಿಟ್ಟಳು, ಬಳೆ ಕಳಚಿದಳು, ತಾಳಿಯನ್ನೂ ತೆಗೆದಿಡಲೇ ಎಂದು ಕೊರಳಿಗೆ ಕೈ ಹಾಕಿ, ನಾಲಿಗೆ ಕಚ್ಚಿಕೊಂಡು ಸುಮ್ಮನಾದಳು. ಉಸಿರು ಬಿಗಿಹಿಡಿದು ನಿಂತಳು. ಮುಳ್ಳು ಎಂಬತ್ತೆಂಟಕ್ಕೆ ಬಂದು ನಿಂತಿತು. ಹೋದ ವಾರವೂ ಎಂಬತ್ತೆಂಟೇ.

"ಇಳಿಯೇ, ಅದು ಮೂಟೆ ತೂಗೋ ಕಾಟಾ. ಕೆಟ್ಟೋಯ್ತದೆ," ಎಂದ ಗಂಡ ಮಹದೇವಪ್ಪ.

ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಮಹದೇವಪ್ಪನದು ರೈತರಿಂದ ಶುಂಠಿ ಕೊಳ್ಳುವ ಮಂಡಿ. ಮುಂದೆ ಮಂಡಿ, ಹಿಂದೆ ಮನೆ. ಮನುಷ್ಯರನ್ನು ತೂಗುವ ಯಂತ್ರ ಆಸ್ಪತ್ರೆಯಲ್ಲಿತ್ತು, ನಿಜ. ಆದರೆ ಅಲ್ಲಿನ ನರ್ಸಮ್ಮ ತೂಕವನ್ನು ಹರಾಜು ಕೂಗಿದಂತೆ ಕೂಗುತ್ತಿದ್ದಳು. ಮರ್ಯಾದಸ್ಥರು ಹತ್ತುವ ಯಂತ್ರ ಅದಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಕುರ್ಚಿ. ಸಾಲಿಗ್ರಾಮದಲ್ಲಿ ಓರಗಿತ್ತಿ ರೂಪಶ್ರೀಯ ಮಗುವಿನ ನಾಮಕರಣಕ್ಕೆ ಹೋದಾಗ, ಜಯಲಕ್ಷ್ಮಮ್ಮ ಕೂತ ಪ್ಲಾಸ್ಟಿಕ್ ಕುರ್ಚಿ ನಾಲ್ಕೂ ಕಾಲು ಚೆಲ್ಲಿ ಮಲಗಿಬಿಟ್ಟಿತ್ತು. ಎಲ್ಲರೂ "ಅಯ್ಯೋ" ಎಂದರು. ರೂಪಶ್ರೀ ಮಾತ್ರ, "ಪಾಪ, ಕುರ್ಚಿ," ಎಂದಳು. ಆಗ ಎದ್ದ ನಗು ಇನ್ನೂ ಕಿವಿಯಲ್ಲಿತ್ತು. ಸಂಕ್ರಾಂತಿ ಕಳೆದು ಅದೇ ಮನೆಯಲ್ಲಿ ಕಿರಿ ಮೈದುನನ ಮದುವೆ. ಅಷ್ಟರೊಳಗೆ ಮೈ ಇಳಿಸಬೇಕು, ಇಲ್ಲವಾದರೆ ಆ ಮನೆ ಹೊಸ್ತಿಲು ತುಳಿಯಬಾರದು. ಅವಳ ಹಟ ಅಂಥದ್ದು.

ಬಾಯಿ ಕಟ್ಟಿದಳು. ಮುದ್ದೆ ಅರ್ಧವಾಯಿತು, ಭಾನುವಾರದ ಬಾಡಿನೂಟದಲ್ಲಿ ವಾಸನೆಯಷ್ಟೇ ಅವಳ ಪಾಲಾಯಿತು. ಸೀರೆಯ ಕೆಳಗೆ ಬೂಟು ಹಾಕಿಕೊಂಡು ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ನಡೆದಳು. ನಿಲ್ಲಿಸಿ ಕೇಳಿದ ಜೀಪಿನವರಿಗೆಲ್ಲ "ಸುಮ್ನೆ ನಡೀತಿವ್ನಿ" ಎಂದಳು. ಯಾರೂ ನಂಬಲಿಲ್ಲ. ಮಂಡಿ ಮಹದೇವಪ್ಪನ ಹೆಂಡತಿ ಜಗಳವಾಡಿಕೊಂಡು ತವರಿಗೆ ಹೊರಟಿದ್ದಾಳೆಂದು ಸುದ್ದಿಯಾಯಿತು.

ಮುಳ್ಳು ಮಾತ್ರ ಜಗ್ಗಲಿಲ್ಲ.

ಔಷಧಿ ಅಂಗಡಿಯ ಯತೀಶ್ ದಾರಿ ತೋರಿಸಿದ. ಅವನು ಮುಂದಿಟ್ಟ ಮಾತ್ರೆ ಡಬ್ಬದ ಮೇಲೆ ಬಳುಕುವ ಹೆಂಗಸಿನ ಚಿತ್ರ. "ಡಯಟ್ಟು, ವಾಕಿಂಗು ಮಾಡ್ತಾನೇ ಇದೀರಲ್ಲಕ್ಕ. ಅದರ ಜೊತೆಗೆ ಇದೂ ಒಂದಿರಲಿ. ಡಾಕ್ಟರ್ ಚೀಟಿನೂ ಬ್ಯಾಡ."

ಅವಳು ಡಾಕ್ಟರಮ್ಮನನ್ನೂ ಕೇಳಿದಳು. "ನಿಮಗೆ ಬಿ.ಪಿ. ಇದೆ, ಅದನ್ನು ಮುಟ್ಟಬೇಡಿ. ನಡೀತಾ ಇರಿ, ನಿಧಾನಕ್ಕೆ ಇಳೀತದೆ," ಎಂದರು ಡಾಕ್ಟರಮ್ಮ. ನಿಧಾನವಂತೆ! ಮದುವೆ ನಿಧಾನಕ್ಕೆ ಬರುತ್ತದೆಯೇ? ನುಂಗಲೋ ಬೇಡವೋ ಎಂದು ಒಂದು ವಾರ ಡಬ್ಬವನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟಳು. ಕೊನೆಗೆ ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಬಿಟ್ಟಿ ಸಿಗುವ ನಡಿಗೆಗಿಂತ ಕಾಸು ಕೊಟ್ಟ ಮಾತ್ರೆಯ ಮೇಲೇ ಭಕ್ತಿ ಹುಟ್ಟಿತು. ನುಂಗಿದಳು.

ಅದೇ ವಾರ ಶುಂಠಿ ಕೀಳುವ ಕಾಲ ಶುರುವಾಗಿ ಮಂಡಿ ಬಾಗಿಲಿಗೆ ಮಾವಿನೆಲೆ ಬಿತ್ತು. ಮಹದೇವಪ್ಪ ಪ್ರತಿ ವರ್ಷದಂತೆ ಕಾಟಾವನ್ನು ತಾನೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಕುಂಕುಮವಿಟ್ಟು ಪೂಜೆ ಮಾಡಿದ. ಪೂಜೆ ಮುಗಿಸಿ ಅವನು ಕಾಫಿಗೆ ಹೋದ ಹೊತ್ತು ನೋಡಿ ಜಯಲಕ್ಷ್ಮಮ್ಮ ಹತ್ತಿ ನಿಂತಳು.

ಎಂಬತ್ತು!

ಅವಳು ಕೂಗಿದ ಕೂಗಿಗೆ ಮಹದೇವಪ್ಪ ಲೋಟ ಹಿಡಿದೇ ಓಡಿಬಂದ. ಮುಳ್ಳು ನೋಡಿದ, ಹೆಂಡತಿಯನ್ನು ನೋಡಿದ, ಕೆಮ್ಮಿದ. "ಮಾತ್ರೆ ಮಹಿಮೆ ಕಣೇ. ಬುಡಬ್ಯಾಡ," ಎಂದ. ಎರಡನೆಯ ಡಬ್ಬವನ್ನು ತಾನೇ ತಂದುಕೊಟ್ಟ. ಮದುವೆಯಾದಾಗಿನಿಂದ ಅವನು ಕೇಳದೆ ತಂದುಕೊಟ್ಟ ಮೊದಲ ಸಾಮಾನು ಅದು.

ಮಾತ್ರೆ ಬರಿಗೈಲಿ ಬರಲಿಲ್ಲ. ಬಾಯಿ ಒಣಗಿತು, ನಿದ್ದೆ ಹಾರಿತು, ಕೂತಲ್ಲೇ ಎದೆ ಡವಗುಟ್ಟತೊಡಗಿತು. ಅವಳಿಗೆ ನಿಜಕ್ಕೂ ಭಯವಾಯಿತು. ಮಕ್ಕಳ ಮುಖ ನೆನೆದು ಒಂದು ದಿನ ಡಬ್ಬವನ್ನು ತಿಪ್ಪೆಗೆ ಎಸೆಯಲು ಎದ್ದಳು. ಎಸೆಯುವ ಮುಂಚೆ ಇನ್ನೊಮ್ಮೆ ಕಾಟಾ ಹತ್ತಿದಳು. ಶುಂಠಿಗೆ ರೇಟು ಏರಿ ಮಂಡಿ ತುಂಬ ಗಲಾಟೆಯಿದ್ದ ದಿನ ಅದು. ಮುಳ್ಳು ಎಪ್ಪತ್ತೇಳಕ್ಕೆ ಇಳಿದಿತ್ತು. ಡಬ್ಬ ಮತ್ತೆ ಅಕ್ಕಿ ಡಬ್ಬಿಯ ಹಿಂದಕ್ಕೆ ಹೋಯಿತು. ಎದೆ ಬಡಿದರೆ ಬಡಿಯಲಿ, ರೂಪಶ್ರೀಯ ಬಾಯಿ ಮುಚ್ಚಿದರೆ ಸಾಕು.

ಮದುವೆಗೆಂದು ಹೊಲಿಸಿದ ರವಿಕೆ ತೋಳಿನಲ್ಲಿ ಬಿಗಿಯಾಯಿತು. ಅವಳು ದರ್ಜಿಯನ್ನು ಬೈದಳು. ಇನ್ನೊಂದು ಹೊಲಿಸಿದಳು, ಅದೂ ಬಿಗಿ. ಈ ದರ್ಜಿಗಳಿಗೆ ಅಳತೆಯೇ ಗೊತ್ತಿಲ್ಲ ಎಂದು ತೀರ್ಮಾನವಾಯಿತು.

ಸಾಲಿಗ್ರಾಮಕ್ಕೆ ಹೊರಡುವ ಬೆಳಿಗ್ಗೆ ಮಂಡಿಯಲ್ಲಿ ಶುಂಠಿ ತಂದ ರೈತರು ಕಿಕ್ಕಿರಿದಿದ್ದರು. ಪುಟ್ಟಮಲ್ಲಮ್ಮ ಎಂಬ ಹೆಂಗಸು ಕಾಟಾ ಮುಂದೆ ಮಹದೇವಪ್ಪನ ಜೊತೆ ವಾದಕ್ಕೆ ನಿಂತಿದ್ದಳು.

"ಮನೇಲಿ ತೂಗ್ಕಂಡೇ ತಂದಿವ್ನಿ ಸ್ವಾಮಿ."

"ಮನೆ ತಕ್ಕಡಿ ಏನ್ ಹೇಳ್ತದಮ್ಮ? ಹಸಿ ಶುಂಠಿ, ದಾರೀಲಿ ನೀರು ಬತ್ತಿರ್ತದೆ."

ಗಂಡನ ಮಾತಿಗೆ ಎದುರಾಡುವುದೇ! ರೇಷ್ಮೆ ಸೀರೆಯುಟ್ಟ ಜಯಲಕ್ಷ್ಮಮ್ಮನಿಗೆ ರೇಗಿತು. ಹೆಮ್ಮೆಯೂ ಉಕ್ಕಿತು. "ಅವ್ವಾ, ಈ ಕಾಟಾ ಸುಳ್ಳು ಹೇಳಾಕಿಲ್ಲ. ನಾನೇ ಸಾಕ್ಷಿ, ನೋಡು," ಎಂದವಳೇ ಹತ್ತಿ ನಿಂತಳು. ಮಹದೇವಪ್ಪ "ಲೇ, ಒಳಕ್ಕೋಗೇ!" ಎಂದು ಚೀರುವಷ್ಟರಲ್ಲಿ ಮುಳ್ಳು ನಿಂತಿತ್ತು. "ಎಪ್ಪತ್ತೇಳು! ದೀಪಾವಳೀಲಿ ಎಂಬತ್ತೆಂಟಿದ್ದೆ. ಮಾತ್ರೆ ನುಂಗಿ ಇಳಿಸ್ದೆ."

ಪುಟ್ಟಮಲ್ಲಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ರವಿಕೆ ಕಚ್ಚಿದ ತೋಳು ನೋಡಿದಳು, ಮುಳ್ಳು ನೋಡಿದಳು, ಬಿಳಿಚಿಕೊಂಡ ಮಹದೇವಪ್ಪನ ಮುಖ ನೋಡಿದಳು. ಆಮೇಲೆ ತನ್ನ ಮೂಟೆಯನ್ನು ಗಾಡಿಯ ಕಡೆ ಎಳೆದುಕೊಳ್ಳುತ್ತಾ ಹೇಳಿದಳು:

"ನಮ್ ಶುಂಠಿನೂ ನಿಮ್ಮಂಗೇ ಕಣವ್ವ, ಮನೇಲಿ ಗುಂಡ್‌ಗುಂಡಾಗಿರ್ತದೆ, ಈ ಕಾಟಾ ಹತ್ತುತ್ಲೂ ಸೊರಗೋಯ್ತದೆ, ಅದು ಪಾಪ, ಒಂದ್ ಮಾತ್ರೆನೂ ನುಂಗಿಲ್ಲ."