ಸುತ್ತುದಾರಿ

ಡೊನಾಲ್‌ನ ಶವಪೆಟ್ಟಿಗೆ ಹೊತ್ತಿದ್ದ ಆರು ಜನ ಸಂತೆ ಬಯಲಿನಲ್ಲಿ ಗಕ್ಕನೆ ನಿಂತರು. ಎದುರಿಗೆ ಉದ್ದಕ್ಕೆ ಅಗೆದ ಗುಂಡಿ. ಅದರ ಮೇಲೆ ಅಗಲವಾದ ಹಲಗೆ. ದಾಟಿದರೆ ಮೂವತ್ತೇ ಹೆಜ್ಜೆಗೆ ಸ್ಮಶಾನದ ಗೇಟು.

"ಬನ್ನಿ, ಹಲಗೆ ಗಟ್ಟಿಯಾಗಿದೆ," ಎಂದಳು ಗ್ರಾನ್ಯ. ಎಂಟುನೂರು ವರ್ಷದ ಹಿಂದೆ ಸುಟ್ಟುಹೋದ ಇಗರ್ಜಿಯ ತಳಪಾಯ ಹುಡುಕುತ್ತ ಮೂರು ವಾರದಿಂದ ಆ ಬಯಲನ್ನು ಅಗೆಸುತ್ತಿದ್ದವಳು ಅವಳು. ಹೆಣ ಬರುತ್ತದೆಂದು ತಿಳಿದು ಬೆಳಿಗ್ಗೆಯೇ ಹಲಗೆ ಹಾಸಿಸಿದ್ದಳು, ಪಾಪ.

ಡೊನಾಲ್‌ನ ಮಗಳು ನೊರೀನ್ ಮಾತ್ರ ಅಲುಗಲಿಲ್ಲ. ಈ ಊರಿನ ಹೆಣಗಳು ಬಯಲನ್ನು ನೇರವಾಗಿ ದಾಟುವುದಿಲ್ಲ. ಅದರ ನಡುಭಾಗವನ್ನು ಬಲಕ್ಕಿಟ್ಟುಕೊಂಡು ಸುತ್ತು ಹಾಕಿಯೇ ಹೋಗುತ್ತವೆ. ಯಾಕೆಂದು ಅವಳಿಗೂ ಗೊತ್ತಿಲ್ಲ. ಆದರೆ ಕುದುರೆಗಳ ಜೀನು ಹೊಲಿದು ಬದುಕಿದ ಅಪ್ಪ, ಜೀವಮಾನವಿಡೀ ಯಾರನ್ನೂ ಏನೂ ಬೇಡದವನು, ಹೋದ ಭಾನುವಾರ ಅವಳ ಕೈ ಹಿಡಿದು ಕೇಳಿದ್ದು ಅದೊಂದನ್ನೇ: "ನನ್ನನ್ನ ಅಡ್ಡದಾರೀಲಿ ಒಯ್ಬೇಡ ಕಣೇ." ಅಷ್ಟನ್ನೂ ನಡೆಸಿಕೊಡದಿದ್ದರೆ ತಾನೆಂಥ ಮಗಳು?

"ನಾವು ಸುತ್ತಿ ಹೋಗ್ತೀವಿ," ಎಂದಳು.

"ಆ ಕಡೆ ಗುರುತಿಗೆ ದಾರ ಕಟ್ಟಿದೀನಿ ಕಣ್ರೀ, ತುಳಿದ್ರೆ ಎಲ್ಲಾ ಹಾಳು. ಅಲ್ಲಿ ಇರೋದಾದ್ರೂ ಏನು? ಬರೀ ಹುಲ್ಲು!"

ಊರೆಲ್ಲ ನೋಡುತ್ತಿತ್ತು. ನೊರೀನ್‌ಗೆ ನಾಚಿಕೆಯಿಂದ ಕಿವಿ ಕೆಂಪಾಯಿತು.

"ಬೇಗ ಏನಾದ್ರೂ ಹೇಳಿ, ನಮ್ಮಣ್ಣ ಏನೂ ಹಗುರ ಇಲ್ಲ," ಎಂದ ಚಿಕ್ಕಪ್ಪ ಫಿಂಟನ್, ಪೆಟ್ಟಿಗೆಯ ಅಡಿಯಿಂದಲೇ. "ಅಷ್ಟೆಲ್ಲ ಅಗೆದ್ಯಲ್ಲ ತಾಯಿ, ಸಿಕ್ಕಿದ್ದೇನು?"

"ಒಂದು ಗೋಡೆ. ಇಗೋ, ಇಲ್ಲೀತನಕ ಬಂದು ಮಾಯ ಆಗಿದೆ. ಎತ್ತ ತಿರುಗಿತೋ ತಿಳೀತಿಲ್ಲ."

"ನಾವು ತಿರುಗೋದೂ ಇಲ್ಲೇ."

ಗ್ರಾನ್ಯ ಅವನ ಕಾಲನ್ನು ನೋಡಿದಳು, ಗೋಡೆಯ ತುದಿಯನ್ನು ನೋಡಿದಳು. ಹೋಗಿ ದಾರ ಬಿಚ್ಚಿದಳು. "ನಡೀರಿ. ಮೆಲ್ಲಗೆ."

ಅವರು ಎಂದಿನಂತೆ ನಡೆದರು. ಅವಳು ಅವರ ಬಲಗಾಲ ಪಕ್ಕದಲ್ಲೇ ಕಬ್ಬಿಣದ ಸಲಾಕೆ ಚುಚ್ಚುತ್ತ ಹೋದಳು. ಠಣ್. ಐದು ಹೆಜ್ಜೆ ಆದಮೇಲೆ ಮತ್ತೆ ಠಣ್. ಅವರು ತಿರುಗಿದಲ್ಲಿ ಕಲ್ಲೂ ತಿರುಗಿತು. ಇಗರ್ಜಿಯ ಹೆಸರನ್ನೂ ಮರೆತ ಜನ, ಹೆಣ ಹೊತ್ತಾಗ ಅದರ ಗೋಡೆಯನ್ನು ಒಂದು ದಿನವೂ ತುಳಿದಿರಲಿಲ್ಲ. ಅಪ್ಪ ಕಾರಣವಿಲ್ಲದೆ ಹಟ ಹಿಡಿದಿರಲಿಲ್ಲ.

ಇನ್ನೊಂದು ಮೂಲೆ ತಿರುಗಿ ನಾಲ್ಕಾರು ಹೆಜ್ಜೆ ಆದಾಗ ಫಿಂಟನ್ "ಹ್ಞೂಂ" ಎಂದ. ಆರೂ ಜನ ಪೆಟ್ಟಿಗೆಯನ್ನು ಭುಜದಿಂದ ಕೈಗೆ ಇಳಿಸಿಕೊಂಡರು. ಬೆನ್ನು ಬಾಗಿಸಿ, ತಲೆ ತಗ್ಗಿಸಿ, ಬಲಕ್ಕೆ ಹೊರಳಿ ಎರಡು ಹೆಜ್ಜೆ ಇಟ್ಟರು.

ಗ್ರಾನ್ಯ ಸಲಾಕೆ ಬಿಸಾಕಿ ಅಲ್ಲೇ ಮಂಡಿಯೂರಿದಳು. ಬರಿಗೈಯಲ್ಲಿ ಹುಲ್ಲಿನ ಹೆಂಟೆ ಕಿತ್ತು ಮಣ್ಣು ಬಗೆದಳು. ಗೇಣು ಆಳದಲ್ಲಿ ಒಂದು ಚಪ್ಪಡಿ. ನಡುವೆ, ಕಾಲು ತಾಗಿ ತಾಗಿ ಸವೆದ ತಗ್ಗು. ಹೊಸ್ತಿಲು.

"ಇಲ್ಲಿ ಯಾಕೆ ಬಗ್ಗಿದ್ರಿ?" ಚಪ್ಪಡಿಯಿಂದ ಕೈ ತೆಗೆಯದೆ ಕೇಳಿದಳು.

ಫಿಂಟನ್ ತಲೆಯೆತ್ತಿ, ಮೋಡ ಬಿಟ್ಟರೆ ಏನೂ ಇಲ್ಲದ ಆಕಾಶವನ್ನು ನೋಡಿದ.

"ಬಗ್ಗದಿದ್ರೆ ತಲೆಗೆ ಬಡಿಯುತ್ತೆ ಅಂತ ನಮ್ಮಜ್ಜ ಹೇಳ್ತಿದ್ದ."