ಮೊದಲ ಮೂರು ವರ್ಷ

ಸರ್ವೇಯರ್ ಸಾಹೇಬರು ಟಾರ್ಚ್ ಹಿಡಿದು ಕೆಂಪು ಕಾರಿನ ಕೆಳಗೆ ಮಲಗಿದ್ದರು. ಎಲ್ಲೂ ತುಕ್ಕಿಲ್ಲ. ಎಣ್ಣೆ ಜಿನುಗಿಲ್ಲ. ಬೆಸುಗೆ ಹಾಕಿದ ಗುರುತಿಲ್ಲ. ಅವರಿಗೆ ಅನುಮಾನ ಬಂದದ್ದೇ ಅದಕ್ಕೆ.

ಅಪಘಾತವಾದ ಕಾರುಗಳಿಗೆ ಬೆಲೆ ಕಟ್ಟುವುದು ವಿಮಾ ಕಂಪನಿಯಲ್ಲಿ ಅವರ ಕೆಲಸ. ಮೂವತ್ತು ವರ್ಷದ ಅನುಭವ. ಕಾರು ನೋಡಿದರೆ ಸಾಕು, ಓಡಿಸಿದವರ ಜಾತಕ ಹೇಳಿಬಿಡುತ್ತೇನೆ ಎನ್ನುವುದು ಅವರ ಜಂಬ.

“ಇದನ್ನ ಯಾರು ಓಡಿಸ್ತಿದ್ರು?” ಕೆಳಗಿನಿಂದಲೇ ಕೇಳಿದರು.

“ಓಡಿಸೋರು ಒಬ್ರು ಇದ್ರು,” ಎಂದರು ಮಾರುವವರು. ನಿವೃತ್ತ ನರ್ಸ್. ದಪ್ಪ ಕನ್ನಡಕ, ಹೊಚ್ಚ ಹೊಸ ಹಲ್ಲಿನ ಸೆಟ್ಟು. “ನನಗೆ ಡ್ರೈವಿಂಗ್ ಬರಲ್ಲ. ಕಾರು ನನ್ನ ಹೆಸರಲ್ಲಿತ್ತು, ಅಷ್ಟೇ.”

“ಅವ್ರು ಈಗ ಬರಲ್ವಾ?”

“ಇನ್ಮೇಲೆ ಇಲ್ಲಿಗೆ ಬರೋ ಅಗತ್ಯ ಇರಲ್ಲವಂತೆ.”

ಯಾರೋ ನೆಂಟರು, ಊರು ಬಿಟ್ಟಿರಬೇಕು ಎಂದು ಸಾಹೇಬರು ತೀರ್ಮಾನಿಸಿದರು. ಬಟ್ಟೆ ಕೊಡವಿಕೊಂಡು ಎದ್ದು, ಸ್ಟಿಯರಿಂಗ್ ಮುಂದೆ ಕೂರಲು ಹೋದರು. ಮಂಡಿ ತಗುಲಿತು. ಸೀಟು ಹಿಂದೆ ತಳ್ಳಬೇಕಾಯಿತು.

ಈ ಕಾರು ಅವರಿಗೆ ಬೇಕೇ ಬೇಕಿತ್ತು. ಅದಕ್ಕೆ ಕಾರಣ ಮೂರು ವರ್ಷದ ಹಿಂದಿನ ಒಂದು ಸಂಜೆ.

ಅಂದು ಶೋರೂಮಿನಲ್ಲಿ ಅವರ ಹೆಂಡತಿ ಇದೇ ಮಾದರಿಯ, ಇದೇ ಕೆಂಪು ಬಣ್ಣದ ಕಾರಿನಲ್ಲಿ ಕೂತಿದ್ದಳು. ಹೆಂಡತಿ ಹಲ್ಲಿನ ಡಾಕ್ಟರು. ಅವಳ ದುಡ್ಡು ಅವಳದ್ದು, ಇವರದ್ದು ಇವರದ್ದು, ಮದುವೆಯಾದಾಗಿನಿಂದ ಹಾಗೇ. ಆದರೆ ಕಾರು ಮನೆಯದ್ದಲ್ಲವೇ, ಅದಕ್ಕೆ ಇಬ್ಬರೂ ಹೂಂ ಅನ್ನಬೇಕಿತ್ತು.

“ರೀ, ಯಾರೂ ಓಡಿಸದ ಕಾರನ್ನ ನಾನೇ ಮೊದಲು ಓಡಿಸ್ಬೇಕು. ಅದೊಂದು ಆಸೆ ಕಣ್ರೀ,” ಎಂದಿದ್ದಳು. ಮುಖ ಅರಳಿತ್ತು.

ಸಾಹೇಬರು ಸೇಲ್ಸ್‌ಮನ್ನಿನ ಎದುರೇ ಪಾಠ ಶುರುಮಾಡಿದರು. “ಇದು ಈ ಗೇಟು ದಾಟಿದ ಕೂಡಲೇ ಹತ್ತರಲ್ಲಿ ಒಂದು ಪಾಲು ಹೋಯ್ತು. ಮೂರು ವರ್ಷಕ್ಕೆ ಹತ್ರಹತ್ರ ಅರ್ಧ. ಆ ನಷ್ಟ ಹೊರೋ ಪುಣ್ಯಾತ್ಮರು ಯಾರೋ ಇದ್ದೇ ಇರ್ತಾರೆ. ಮೊದಲ ಮೂರು ವರ್ಷ ಅವ್ರು ಓಡಿಸ್ಲಿ. ಆಮೇಲೆ ಇದನ್ನೇ ಅರ್ಧಕ್ಕೆ ತರೋಣ.”

ಸೇಲ್ಸ್‌ಮನ್ ನೆಲ ನೋಡಿದ. ಹೆಂಡತಿ ಇಳಿದು ಬಾಗಿಲನ್ನು ಮೆಲ್ಲಗೆ ಹಾಕಿದಳು. “ಆಗ್ಲಿ ಬಿಡಿ. ಮೂರು ವರ್ಷ ತಾನೆ?”

ಆಮೇಲೆ ಅವಳು ಕಾರಿನ ಸುದ್ದಿ ಎತ್ತಲಿಲ್ಲ. ಮುಂದಿನ ತಿಂಗಳು ಈಜಲು ಸೇರಿಕೊಂಡಳು. ದಿನಾ ಬೆಳಗ್ಗೆ ಆರರಿಂದ ಏಳು. ಗೆಲುವಾಗಿ ಮನೆಗೆ ಬರುತ್ತಿದ್ದಳು. ಒಂದು ದಿನವೂ ತಲೆ ಒದ್ದೆಯಾಗಿರುತ್ತಿರಲಿಲ್ಲ. ಈಜುವ ಟೋಪಿ ಒಳ್ಳೆಯ ಕಂಪನಿಯದ್ದಿರಬೇಕು ಎಂದುಕೊಂಡಿದ್ದರು ಸಾಹೇಬರು.

ಅವರಿಗೆ ಆ ಸಂಜೆ ಮರೆತಿರಲಿಲ್ಲ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಆದರೂ ನೆನೆದಾಗಲೆಲ್ಲ ನಾಚಿಕೆಯಾಗುತ್ತಿತ್ತು. ಆ ಅರಳಿದ ಮುಖವನ್ನು ಇನ್ನೊಮ್ಮೆ ನೋಡಬೇಕಿತ್ತು. ಹೋದ ವಾರ ತಿಂಡಿಗೆ ಕೂತಾಗ, ಜಾಹೀರಾತಿನ ಪುಟ ಮೇಲೆ ಬರುವಂತೆ ಮಡಚಿದ್ದ ಪತ್ರಿಕೆಯಲ್ಲಿ ಈ ಕಾರು ಕಣ್ಣಿಗೆ ಬಿತ್ತು. ಮೂರು ವರ್ಷ ಹಳೆಯದು. ಮನೆಯಿಂದ ಎರಡೇ ಬೀದಿ ಆಚೆ. ತಮ್ಮ ಅದೃಷ್ಟಕ್ಕೆ ತಾವೇ ಬೆರಗಾದರು.

ಈಗ ಅವರು ಸರ್ವಿಸ್ ಪುಸ್ತಕ ತಿರುವಿ, ಬಾಗಿಲಿನ ಗೂಡಿಗೆ ಕೈ ಹಾಕಿ, ಕನ್ನಡಕ ಮೇಲೇರಿಸಿದರು.

“ಓಡಿಸಿದೋರು ಹೆಂಗಸು. ಗಿಡ್ಡ. ಬ್ರೇಕ್ ಒತ್ತೋದೇ ಅಪರೂಪ. ಸಕ್ಕರೆ ಇಲ್ಲದ ಚೂಯಿಂಗ್ ಗಮ್ ತಿಂತಾರೆ. ದಿನಕ್ಕೆ ಮೂವತ್ತು ಕಿಲೋಮೀಟರ್, ಹೆಚ್ಚಿಲ್ಲ, ಕಡಿಮೆ ಇಲ್ಲ. ಕೆಲಸಕ್ಕಲ್ಲ, ಖುಷಿಗೆ. ಮನೇಲಿ ಯಾರೋ ತಲೆ ತಿನ್ನೋರು ಇರ್ಬೇಕು.”

ನರ್ಸಮ್ಮ ಹೊಸ ಹಲ್ಲಷ್ಟೂ ಕಾಣುವಂತೆ ನಕ್ಕರು. “ಎಲ್ಲಾ ಸರಿಯಾಗಿ ಹೇಳಿದ್ರಿ.”

“ಎರಡನೇ ಕೀ ಎಲ್ಲಿ?”

“ನನ್ನ ಹತ್ರ ಇಲ್ಲ.”

“ಕಳೆದುಹೋಗಿದೆ ಅನ್ನಿ.”

“ನೀವು ಹಾಗಂದ್ರೆ ಹಾಗೇ.”

“ಹೊಸದು ಮಾಡಿಸೋಕೆ ಹನ್ನೆರಡು ಸಾವಿರ. ಅಷ್ಟು ಮುರ್ಕೋತೀನಿ.”

ನರ್ಸಮ್ಮ ಒಂದು ಫೋನ್ ಮಾಡಬೇಕೆಂದು ಒಳಗೆ ಹೋಗಿ ಬಂದರು. “ಮುರ್ಕೊಳ್ಳಿ ಅಂದ್ರು. ಆಮೇಲೆ ನೋಡ್ಕೋತಾರಂತೆ.”

ಅರ್ಧ ಬೆಲೆಗಿಂತ ಹನ್ನೆರಡು ಸಾವಿರ ಕಡಿಮೆಗೆ ವ್ಯಾಪಾರ ಮುಗಿಯಿತು. ಮನೆಗೆ ತಂದು ನಿಲ್ಲಿಸಿದಾಗ ಹೆಂಡತಿ ಕಾರನ್ನು ಒಂದು ಸುತ್ತು ಹಾಕಿ, “ಚೆನ್ನಾಗಿದೆ ರೀ,” ಎಂದಳು. ಅಷ್ಟೇ. ಮುಖ ಅರಳಲಿಲ್ಲ. 

“ಹೊಸದೇ ತಗೋಬೇಕಿತ್ತು ಕಣೇ. ಅವತ್ತು ನಾನು ತಪ್ಪು ಮಾಡ್ದೆ,” ಎಂದರು ಸಾಹೇಬರು. ಮೂವತ್ತು ವರ್ಷದಲ್ಲಿ ಅಂಥ ಮಾತು ಅವರ ಬಾಯಿಂದ ಬಂದಿರಲಿಲ್ಲ. “ಇನ್ನು ಇದನ್ನ ನೀನೇ ಓಡಿಸು.”

ಹೆಂಡತಿ ಅವರನ್ನೇ ಒಂದು ಕ್ಷಣ ನೋಡಿದಳು. ಅವರ ಅಂಗಿಯ ಕಾಲರಿಗೆ ಅಂಟಿದ್ದ ಮಣ್ಣು ಕೊಡವಿದಳು. “ಹಾಗೇ ಅಂದ್ಕೊಂಡಿದ್ದೀನಿ,” ಎಂದಳು.

ಇದ್ದ ಒಂದೇ ಕೀಯನ್ನು ಸಾಹೇಬರು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದರು.

ಮರುದಿನ ಆರೂಮುಕ್ಕಾಲಿಗೆ ಎದ್ದು ಹೊರಗೆ ಬಂದರೆ ಕಾರಿಲ್ಲ. ಕೀ ಮೊಳೆಯಲ್ಲೇ ಇತ್ತು. ಹೆಂಡತಿ ಎಂದಿನಂತೆ ಈಜಲು ಹೋಗಿದ್ದಳು. ಆದರೆ ಅವಳ ಈಜಿನ ಚೀಲ ಕುರ್ಚಿಯ ಮೇಲೇ ಇತ್ತು. ತೆರೆದು ನೋಡಿದರು. ಅಂಗಡಿಯಲ್ಲಿ ಮಡಚಿದ ಮಡಿಕೆಯಲ್ಲೇ ಇದ್ದ ಟವೆಲ್. ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ.

ಅವರು ಪೊಲೀಸರ ನಂಬರ್ ಒತ್ತುವಷ್ಟರಲ್ಲಿ ಕೆಂಪು ಕಾರು ಸದ್ದಿಲ್ಲದೆ ಗೇಟಿನೊಳಗೆ ಬಂದು ನಿಂತಿತು. ಹೆಂಡತಿ ಇಳಿದಳು. ಕೂದಲು ಗಾಳಿಗೆ ಕೆದರಿತ್ತು. ಮುಖ ಮೂರು ವರ್ಷದ ಹಿಂದಿನಂತೆಯೇ ಅರಳಿತ್ತು.

ಒಳಗೆ ಬಂದು, ಕೈಯಲ್ಲಿದ್ದ ಕೀಯನ್ನು ಮೊಳೆಯಲ್ಲಿದ್ದ ಕೀಯ ಪಕ್ಕಕ್ಕೆ ನೇತುಹಾಕಿದಳು.

“ಇದಿಲ್ಲ ಅಂತ ಹನ್ನೆರಡು ಸಾವಿರ ಮುರ್ಕೊಂಡ್ರಲ್ಲ, ಅದನ್ನ ಕೊಟ್ಬಿಡಿ.”