ಕಿಡಿ ಬಾರದ ಗಾಡಿ

ಮೇಷ್ಟ್ರು ಹೆಲ್ಮೆಟ್ ಬಿಗಿದು ಮತ್ತೆ ಕಿಕ್ ಹೊಡೆದರು. ಗಾಡಿ ಕಮಕ್ ಕಿಮಕ್ ಅನ್ನಲಿಲ್ಲ.

“ಪೆಟ್ರೋಲಲ್ಲಿ ನೀರು ಬೆರೆಸ್ತಾರೆ ಕಳ್ಳರು,” ಎಂದು ಬೀದಿಗೆಲ್ಲ ಕೇಳುವಂತೆ ಗುಡುಗಿದರು. ಹೆಂಡತಿಯೂ ಮಗನೂ ಬಾಗಿಲಲ್ಲಿ ನಿಂತು ಹೌದೆಂದು ತಲೆಯಾಡಿಸಿದರು.

ಊರಿನ ಅರ್ಧ ಜನಕ್ಕೆ ಗಾಡಿ ಓಡಿಸಲು ಕಲಿಸಿದವರು ಅವರು. ಉಳಿದರ್ಧ ಜನ ಅವರ ಶಿಷ್ಯರನ್ನು ಕಂಡರೆ ರಸ್ತೆ ಬಿಡುತ್ತಿದ್ದರು. ಇಂಥ ಗುರುಗಳು ಕಳೆದ ತಿಂಗಳು ತಿರುವಿನಲ್ಲಿ ಗಾಡಿ ಸಮೇತ ಕ್ಷೌರದಂಗಡಿಯೊಳಗೆ ನುಗ್ಗಿದ್ದರು. ಕುರ್ಚಿಯಲ್ಲಿದ್ದವನು ಅರ್ಧ ಗಡ್ಡದಲ್ಲೇ ಓಡಿಹೋಗಿದ್ದ. ಅಂಗಡಿಯೇ ರಸ್ತೆಗೆ ಬಂದಿತ್ತು ಎಂಬುದು ಮೇಷ್ಟ್ರ ವಾದ.

“ಇನ್ನು ಗಾಡಿ ಬಿಡಿ ಅಪ್ಪ,” ಎಂದಿದ್ದ ಮಗ.

“ನನ್ನ ಹೆಣ ಬಿದ್ದ ಮೇಲೆ ಬಿಡ್ತೀನಿ.”

ಮರುದಿನದಿಂದ ಗಾಡಿ ಸ್ಟಾರ್ಟ್ ಆಗಿರಲಿಲ್ಲ.

ದಾರಿಯಲ್ಲಿ ಹೊರಟಿದ್ದ ಮೆಕ್ಯಾನಿಕ್, ಮೇಷ್ಟ್ರ ಹಳೆಯ ಶಿಷ್ಯ, ಇದನ್ನು ಕಂಡು ಕರೆಯದೆಯೇ ಒಳಗೆ ಬಂದ.

“ನಿನಗ್ಯಾಕಪ್ಪ ತೊಂದರೆ,” ಎಂದರು ಮೂವರೂ ಒಟ್ಟಿಗೆ.

ಗುರುಋಣ ತೀರಿಸಲು ಬಂದವನು ಕೇಳುತ್ತಾನೆಯೇ? ಪ್ಲಗ್ ಬಿಚ್ಚಿದ. ಅದರ ತುದಿ ಚಪ್ಪಟೆಯಾಗಿತ್ತು. “ಯಾರೋ ಸುತ್ತಿಗೇಲಿ ಹೊಡೆದಿದ್ದಾರೆ ಮೇಷ್ಟ್ರೇ.”

ಮಗ ಆಕಾಶದಲ್ಲಿ ಏನನ್ನೋ ಹುಡುಕತೊಡಗಿದ. ತಾಯಿ ಅವನನ್ನು ಮೆಚ್ಚುಗೆಯಿಂದ ನೋಡಿದರು.

ಹೊಸ ಪ್ಲಗ್ ಹಾಕಿದರೂ ಕಿಡಿ ಬರಲಿಲ್ಲ. ಎಂಜಿನ್ ಪಕ್ಕದ ಮುಚ್ಚಳ ತೆಗೆದ. ಕಿಡಿ ಹುಟ್ಟಿಸುವ ಪಾಯಿಂಟುಗಳ ನಡುವೆ ರವಿಕೆಯ ಬಟ್ಟೆಯ ಚೂರು ಅಚ್ಚುಕಟ್ಟಾಗಿ ಕೂತಿತ್ತು. ಗಂಡನ ರಿಪೇರಿಗಳಿಗೆ ವರ್ಷಗಟ್ಟಲೆ ಟಾರ್ಚ್ ಹಿಡಿದವರ ಕೈಕೆಲಸ. ಈಗ ಮಗ ತಾಯಿಯನ್ನು ಮೆಚ್ಚುಗೆಯಿಂದ ನೋಡಿದ.

“ಮನೆಯೊಳಗೇ ಹಗೆಗಳನ್ನ ಸಾಕಿದೀನಲ್ಲ,” ಮೇಷ್ಟ್ರ ದನಿ ನಡುಗಿತು. “ಒಂದು ಮಾತು ಹೇಳದೆ, ಬೆನ್ನ ಹಿಂದೆ! ಒಳಗೆ ಹೋಗಿ ಇಬ್ಬರೂ.”

“ನಿಮ್ಮ ಜೀವ ಉಳೀಲಿ ಅಂತ ಮಾಡಿದ್ದು,” ಎಂದು ಕಣ್ಣೊರೆಸಿಕೊಳ್ಳುತ್ತ ಹೆಂಡತಿ ಒಳಗೆ ಹೋದರು. ಮಗನೂ ತಲೆತಗ್ಗಿಸಿ ಹಿಂಬಾಲಿಸಿದ.

ಮೆಕ್ಯಾನಿಕ್ ಬಟ್ಟೆಯ ಚೂರು ತೆಗೆದು ಕಿಕ್ ಹೊಡೆದ. ಆಗಲೂ ಕಿಡಿಯಿಲ್ಲ. “ಕಾಯಿಲ್‌ಗೆ ಕರೆಂಟೇ ಹೋಗ್ತಿಲ್ಲ ಅನ್ಸುತ್ತೆ,” ಎಂದು ಅದನ್ನು ಮುಚ್ಚಿದ್ದ ಪೆಟ್ರೋಲ್ ಟ್ಯಾಂಕ್ ಎತ್ತಲು ಕೈ ಹಾಕಿದ.

ಮೇಷ್ಟ್ರು ಬಾಗಿಲತ್ತ ಒಮ್ಮೆ ನೋಡಿ, ಅವನ ಮಣಿಕಟ್ಟು ಹಿಡಿದುಕೊಂಡರು.

“ಎತ್ತಬೇಡ ಕಣೋ. ಅದರ ಕೆಳಗಿನ ವೈರ್ ಕಿತ್ತಿದ್ದು ನಾನೇ. ಗಾಡಿ ಹತ್ತೋಕೆ ಹೆದರಿಕೆ ಆಗುತ್ತೆ.”